ನಾಯಿ ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವುದೇಕೆ?

ನಾನು ಹೃದಯದ ವೈದ್ಯ, ಪಶುವೈದ್ಯನಲ್ಲ. ಆದರೂ ಇಂದು ನಾಯಿಯ ಬಗ್ಗೆ ಬರೆಯುತ್ತಿದ್ದೇನೆ.

ಧಾರಾವಿಯಿಂದ ವಿಜಯಪುರ ಕಡೆಯ ಅಜ್ಜಿಯೊಬ್ಬರು ತಪಾಸಣೆಗೆ ಬಂದಿದ್ದರು. ಬಿಪಿ ಪಟ್ಟಿ ಕಟ್ಟುವಾಗ ತೋಳಿನ ತುಂಬ ಕೆಂಪು ಗುಳ್ಳೆ ಕಂಡವು. ಮೊಮ್ಮಗನಿಗೂ ತುರಿಕೆಯಂತೆ. "ನಾಯಿ ತನ್ನ ಕೂದಲಾ ತಾನ ಕಿತ್ಕೊಳ್ಳಾಕತ್ತೈತ್ರಿ. ಗ್ಯಾರೇಜಿನ ಕರಿ ಆಯಿಲ್ ಹಚ್ಚೀವಿ. ಕಡಿಮಿ ಆಗ್ಲಿಲ್ಲಂದ್ರ ಎಲ್ಲರೆ ಬಿಟ್ಟು ಬರ್ತೀವ್ರಿ" ಎಂದರು.

ನಿಮ್ಮ ಮನೆಯಲ್ಲೂ ಹೀಗಿದ್ದರೆ ತಿಳಿದುಕೊಳ್ಳಿ: ಇದು ನಾಯಿಯ ಹಟವಲ್ಲ. ತುರಿಕೆ, ನೋವು ಅಥವಾ ಬೇಸರವನ್ನು ಅದು ಹೀಗೆ ಹೇಳುತ್ತದೆ. ಎಲ್ಲಿ ಕೀಳುತ್ತದೆ ಎಂಬುದೇ ಸುಳಿವು.

1. ಬಾಲದ ಬುಡ, ಸೊಂಟ: ಹೆಚ್ಚಾಗಿ ಚಿಗಟ. ಬಾಚಿದಾಗ ಬೀಳುವ ಕಪ್ಪು ಕಣಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಡಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ.
2. ಕಿವಿಯಂಚು, ಮೊಣಕೈ: ಕಜ್ಜಿ ಹುಳು ಇರಬಹುದು. ಇದು ಮನುಷ್ಯರಿಗೂ ತುರಿಕೆ ತರುತ್ತದೆ.
3. ಪಾದ, ಹೊಟ್ಟೆ: ಆಹಾರ ಅಥವಾ ಧೂಳಿನ ಅಲರ್ಜಿ.
4. ಒಂದೇ ಕೀಲಿನ ಮೇಲೆ: ಒಳಗಿನ ನೋವು.
5. ಇಡೀ ದಿನ ಕಟ್ಟಿಹಾಕಿದ ಅಥವಾ ಒಂಟಿಯಾದ ನಾಯಿ: ಬೇಸರ, ಆತಂಕ. ಆದರೆ ಮೇಲಿನ ಕಾರಣಗಳು ಇಲ್ಲವೆಂದು ಖಚಿತವಾದ ಮೇಲಷ್ಟೇ ಹೀಗೆನ್ನಬೇಕು.

ಗ್ಯಾರೇಜಿನ ಆಯಿಲ್, ಸೀಮೆಎಣ್ಣೆ ಹಚ್ಚಲೇಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ. ನಿಮ್ಮ ನೋವಿನ ಮಾತ್ರೆಯನ್ನೂ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್‌ನಿಂದ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ಹುಣ್ಣು ಮುಟ್ಟುವಾಗ ಕಚ್ಚಿತೆ? ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಿ.

ಎಲ್ಲಿಗೆ ತೋರಿಸುವುದು? ಸಯನ್‌ನಿಂದ ಸ್ಲೋ ಲೋಕಲ್‌ನಲ್ಲಿ ಮಾಟುಂಗಾ, ದಾದರ್ ದಾಟಿದರೆ ಪರೇಲ್. ಅಲ್ಲಿನ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ 19ನೇ ಶತಮಾನದಿಂದಲೂ ಇದೆ. 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜು ಕೂಡ ಅಲ್ಲೇ.

ಅಜ್ಜಿಗೆ ಹೇಳಿದ್ದು ಇಷ್ಟೇ: ಆಯಿಲ್ ತೊಳೆಯಿರಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ, ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ನಾಯಿಯ ಕಜ್ಜಿ ಹುಳು ನಮ್ಮ ಚರ್ಮದಲ್ಲಿ ವಂಶ ಬೆಳೆಸಲಾರದು. ನಾಯಿ ವಾಸಿಯಾದರೆ ನಮ್ಮ ತುರಿಕೆಯೂ ಹೋಗುತ್ತದೆ.

ಮುಂದಿನ ತಪಾಸಣೆಗೆ ಬಂದಾಗ ಅವರ ತೋಳು ಸ್ವಚ್ಛವಾಗಿತ್ತು. ಬಿಪಿ ನೋಡುವ ಮೊದಲೇ ಫೋನ್ ತೆಗೆದು ನಾಯಿಯ ಫೋಟೋ ತೋರಿಸಿದರು. ಬೆನ್ನ ಮೇಲೆ ಹೊಸ ಕೂದಲು ಬಂದಿತ್ತು.

ನಾಯಿ ಸಾಕಿದ ಮನೆಗಳಿಗೆ ಇದನ್ನು ದಯವಿಟ್ಟು ಕಳುಹಿಸಿ. ಬಿಟ್ಟು ಬರುವ ಮೊದಲು ಒಮ್ಮೆ ತೋರಿಸಲಿ.