ರಾತ್ರಿಯ ಹೊಲಕ್ಕೆ ಎಂಥ ಟಾರ್ಚು?

ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿಯನ್ನು ಓದುವ, ಗೊಬ್ಬರ ಕೊಳ್ಳುವಾಗ ಪೋಷಕಾಂಶಗಳ ಪ್ರಮಾಣವನ್ನು ವಿಚಾರಿಸುವ ರೈತರು ಕೂಡ ಟಾರ್ಚನ್ನು ಮಾತ್ರ ಸಂತೆಯಲ್ಲಿ ಕಣ್ಣಿಗೆ ಬಿದ್ದುದನ್ನು ಕೊಂಡು ತರುವುದು ವಾಡಿಕೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಬ್ಯಾಟರಿ’ ಎಂದೇ ಹೆಸರು. ಕೃಷಿ ಉಪಕರಣಗಳ ಯಾವ ಪಟ್ಟಿಯಲ್ಲಿಯೂ ಈ ಬ್ಯಾಟರಿಗೆ ಸ್ಥಾನವಿಲ್ಲ. ಆದರೆ ಮೂರು ಫೇಸಿನ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ನೀರು ಹಾಯಿಸುವ ರೈತನ ಕೈಯಲ್ಲಿ ಗುದ್ದಲಿಗಿಂತ ಮೊದಲು ಇರಬೇಕಾದದ್ದು ಅದೇ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಹಿರಿಯ ರೈತರೊಬ್ಬರು ಪಂಪಿನ ಸ್ಟಾರ್ಟರ್ ಒತ್ತಲು ರಾತ್ರಿ ಹೊಲಕ್ಕೆ ಹೊರಟರು. ಕೈಯಲ್ಲಿ ಹೊಸ ಟಾರ್ಚು ಇತ್ತು. ಅದರ ಬೆಳಕು ಕೆರೆಯಾಚೆಯ ತೆಂಗಿನ ಗರಿಯನ್ನು ಮುಟ್ಟುವುದನ್ನು ಹಿಂದಿನ ದಿನವಷ್ಟೇ ನನಗೆ ಹೆಮ್ಮೆಯಿಂದ ತೋರಿಸಿದ್ದರು. ಬದುವಿನ ಮೇಲೆ ಸುರುಳಿ ಸುತ್ತಿ ಬಿದ್ದಿದ್ದ ಕೊಳಕುಮಂಡಲವನ್ನು ಅವರು ತುಳಿದರು. ಟಾರ್ಚು ಹತ್ತಿಯೇ ಇತ್ತು. ಆದರೆ ಅದರ ಬೆಳಕಿನ ಬಿಲ್ಲೆ ಹತ್ತು ಹೆಜ್ಜೆ ಮುಂದಿತ್ತು, ಹಾವು ಕಾಲಿನಿಂದ ಒಂದು ಮೊಳದಲ್ಲಿತ್ತು. ವಿಷವು ಮೂತ್ರಪಿಂಡಗಳಿಗೆ ಏರಿ ಮೂರು ವಾರ ಆಸ್ಪತ್ರೆಯಲ್ಲಿ ಕಳೆದು, ಅದೃಷ್ಟದಿಂದ ಬದುಕಿ ಬಂದರು. ಟಾರ್ಚು ಕೆಟ್ಟದ್ದಾಗಿರಲಿಲ್ಲ, ಅದು ಆ ಕೆಲಸದ ಟಾರ್ಚು ಆಗಿರಲಿಲ್ಲ.

ಇದು ಒಬ್ಬರ ಕಥೆಯಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಹೆಚ್ಚಿನವರು ಹಳ್ಳಿಯವರು, ಸುಮಾರು ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತಿಂಗಳುಗಳಲ್ಲಿ ಸಂಭವಿಸಿದವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲ ಹಾಗೂ ಕಟ್ಟುಹಾವು ಮುಖ್ಯವಾಗಿ ರಾತ್ರಿ ಸಂಚರಿಸುವಂಥವು. ಆದುದರಿಂದ ಟಾರ್ಚನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ ಹೋಗುತ್ತದೆ?’ ಎಂಬುದಲ್ಲ, ‘ನನ್ನ ಕಾಲ ಬಳಿ ಏನು ಕಾಣುತ್ತದೆ?’ ಎಂಬುದು.

ಕಾಲ ಬಳಿಯ ಬೆಳಕು

ದೀಪದ ಸುತ್ತಲಿನ ಬಟ್ಟಲಿನಾಕಾರದ ಕನ್ನಡಿಯು ಆಳವಾಗಿ, ನುಣುಪಾಗಿ ಇದ್ದರೆ ಬೆಳಕು ಕಂತೆ ಕಟ್ಟಿದಂತೆ ನೇರವಾಗಿ ದೂರ ಹೋಗುತ್ತದೆ. ನೆಲದ ಮೇಲೆ ಪ್ರಖರವಾದ ಒಂದು ಚಿಕ್ಕ ಬಿಲ್ಲೆ ಬೀಳುತ್ತದೆ. ಅದರ ಸುತ್ತ ಕತ್ತಲೆ. ಕಣ್ಣು ಆ ಪ್ರಖರತೆಗೆ ಹೊಂದಿಕೊಳ್ಳುವುದರಿಂದ ಅಕ್ಕಪಕ್ಕದ ಕತ್ತಲೆ ಇನ್ನೂ ದಟ್ಟವಾಗಿ ತೋರುತ್ತದೆ. ಕನ್ನಡಿ ಆಳವಿಲ್ಲದೆ ಅಥವಾ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಬೆಳಕು ಚೆದುರಿ ಅಗಲವಾಗಿ ಬೀಳುತ್ತದೆ. ಹೊಲದಲ್ಲಿ ನಡೆಯುವವನಿಗೆ ಬೇಕಾದದ್ದು ಈ ಎರಡನೆಯ ಬಗೆ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಕತ್ತಲೆಯ ಮೂಲೆಯಲ್ಲಿ ನಿಂತು ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಮೂರು ಹೆಜ್ಜೆ ಮುಂದಿನ ನೆಲಕ್ಕೆ ಬೆಳಕು ಬಿಡಬೇಕು. ಎರಡೂ ಕೈ ಚಾಚಿದಷ್ಟು ಅಗಲದ ನೆಲ ಒಂದೇ ಸಮನಾಗಿ, ನಡುವೆ ಕಪ್ಪು ಬಳೆಗಳಿಲ್ಲದೆ ಕಾಣಿಸಬೇಕು. ನಿಮ್ಮ ಪಾದದ ತುದಿಯೂ ಮಸುಕಾಗಿಯಾದರೂ ಕಾಣಬೇಕು.

ಬೆಳಕಿನ ಬಣ್ಣವನ್ನೂ ಗಮನಿಸುವುದು ಲೇಸು. ತೀರ ನೀಲಿಛಾಯೆಯ ಬಿಳಿ ಬೆಳಕಿನಲ್ಲಿ ಕಂದು ಮತ್ತು ಕೆಂಪು ಬಣ್ಣಗಳು ಮಂಕಾಗುತ್ತವೆ. ಕೊಳಕುಮಂಡಲದ ಮೈಬಣ್ಣ ಒಣಗಿದ ತರಗೆಲೆಯಂಥದು. ಅದನ್ನು ತರಗೆಲೆಯಿಂದ ಬೇರ್ಪಡಿಸಿ ನೋಡಲು ತುಸು ಹಳದಿ ಬೆರೆತ ಬೆಳಕೇ ಅನುಕೂಲ. ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇದ್ದರೆ 4000ದಿಂದ 5000ದ ಒಳಗಿನದನ್ನು ಆರಿಸಬಹುದು. ಇಂಥ ಬೆಳಕಿಗೆ ಹುಳುಗಳು ಮುತ್ತುವುದೂ ಕಡಿಮೆ.

ಡಬ್ಬಿಯ ಮೇಲಿನ ಸಂಖ್ಯೆಗಳು

ದೀಪವು ಹೊರಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಎರಡು ದೊಡ್ಡ ಸೆಲ್ಲಿನ ಹಳೆಯ ಹಿತ್ತಾಳೆ ಟಾರ್ಚಿನ ತಂತಿಬಲ್ಬು ಕೊಡುತ್ತಿದ್ದುದು ಹತ್ತರ ಆಸುಪಾಸಿನ ಲ್ಯೂಮೆನ್ ಮಾತ್ರ. ನಮ್ಮ ತಂದೆಯ ಕಾಲದವರು ಅದರಲ್ಲೇ ನೀರು ಕಟ್ಟಿದರು. ಇಂದಿನ ಎಲ್‌ಇಡಿ ದೀಪ ಒಂದು ವ್ಯಾಟ್ ವಿದ್ಯುತ್ತಿನಿಂದ ಸುಮಾರು ನೂರು ಲ್ಯೂಮೆನ್ ಕೊಡಬಲ್ಲದು. ಬಿಳಿಯ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೋ, ನಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ವಾಚಕರಿಗೆ ನೆನಪಿರಬಹುದು. ಹೊಲದ ದಾರಿಗೆ 50ರಿಂದ 150 ಲ್ಯೂಮೆನ್ ಧಾರಾಳವಾಗಿ ಸಾಕು. ಹಂದಿ ಕಾಯುವ ಅಟ್ಟಣೆಯಿಂದ ಹೊಲದ ಅಂಚನ್ನು ನೋಡಬೇಕಾದವರಿಗೆ ಮಾತ್ರ ದೂರದ ಬೆಳಕೂ ಬೇಕಾಗುತ್ತದೆ.

ಇನ್ನು ‘300 ಮೀಟರ್’, ‘1 ಕಿಲೋಮೀಟರ್’ ಎಂಬ ಬರಹ. ಅಮೆರಿಕದಲ್ಲಿ 2009ರಲ್ಲಿ ಜಾರಿಗೆ ಬಂದ ಎಫ್‌ಎಲ್ 1 ಎಂಬ ಮಾನಕವನ್ನು ಒಳ್ಳೆಯ ತಯಾರಕರು ಎಲ್ಲೆಡೆ ಅನುಸರಿಸುತ್ತಾರೆ. ಅದರ ಪ್ರಕಾರ ದೂರ ಎಂದರೆ, ಟಾರ್ಚಿನ ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ಜಾಗ. ಅಂದರೆ 100 ಮೀಟರ್ ಎಂದು ಬರೆದ ಟಾರ್ಚು ನೂರು ಮೀಟರಿನಲ್ಲಿ ಬೆಳದಿಂಗಳನ್ನಷ್ಟೇ ಚೆಲ್ಲುತ್ತದೆ. ಬೆಳದಿಂಗಳಲ್ಲಿ ಎತ್ತನ್ನು ಗುರುತಿಸಬಹುದು, ಹಾವನ್ನು ಗುರುತಿಸಲಾಗದು. ದೂರ ಎರಡರಷ್ಟಾಗಬೇಕಾದರೆ ಕಂತೆಯ ಪ್ರಖರತೆ ನಾಲ್ಕರಷ್ಟಾಗಬೇಕು; ಹೀಗೆ ದೂರದ ಆಸೆಗೆ ತೆರುವ ಬೆಲೆ ಬ್ಯಾಟರಿಯ ಆಯುಸ್ಸು. ಅದೇ ಮಾನಕದಲ್ಲಿ ಉರಿಯುವ ಅವಧಿ ಎಂದರೆ ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲ. ‘8 ಗಂಟೆ’ ಎಂದಿದ್ದರೆ ಎಂಟು ಗಂಟೆಯೂ ಒಂದೇ ಬೆಳಕು ಎಂದು ತಿಳಿಯಬಾರದು.

ಸೆಲ್ಲಿನ ಲೆಕ್ಕ

ಟಾರ್ಚು ನಂಬಿಕೆಗೆ ಅರ್ಹವೇ ಎಂಬುದು ಬಹುಮಟ್ಟಿಗೆ ಅದರ ಸೆಲ್ಲಿನಿಂದಲೇ ತೀರ್ಮಾನವಾಗುತ್ತದೆ. ಇಲ್ಲಿ ಸರಳವಾದ ಲೆಕ್ಕವೊಂದಿದೆ. ಸೆಲ್ಲಿನ ವೋಲ್ಟನ್ನು ಅದರ ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. ರೀಚಾರ್ಜ್ ಮಾಡುವ ಹೆಚ್ಚಿನ ಟಾರ್ಚುಗಳಲ್ಲಿ ಈಗ ಇರುವುದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ, 18650 ಎಂಬ ಲಿಥಿಯಂ ಸೆಲ್ಲು. ಅದರ ವೋಲ್ಟು 3.7; ಧಾರಣೆ 2000 ಮಿಲಿ ಆಂಪಿಯರ್-ಗಂಟೆ, ಅಂದರೆ 2 ಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ ಒಟ್ಟು 7.4 ವ್ಯಾಟ್-ಗಂಟೆ. 1 ವ್ಯಾಟ್ ದೀಪವನ್ನು ಅದು ಆರೇಳು ಗಂಟೆ ಉರಿಸೀತು. 3 ವ್ಯಾಟನ್ನು ಎರಡು ಗಂಟೆಗೆ ಸ್ವಲ್ಪ ಮೇಲೆ. 10 ವ್ಯಾಟನ್ನು ಮುಕ್ಕಾಲು ಗಂಟೆಯೂ ಇಲ್ಲ. ಒಂದೇ ಸೆಲ್ಲಿನ ಟಾರ್ಚಿನ ಡಬ್ಬಿಯ ಮೇಲೆ ‘10 ವ್ಯಾಟ್, 8 ಗಂಟೆ’ ಎಂದು ಬರೆದಿದ್ದರೆ ಅವೆರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ಈ ಗಾತ್ರದ ಉತ್ತಮ ಸೆಲ್ಲುಗಳ ಧಾರಣೆ 3500ರ ಸುಮಾರಿಗೆ ನಿಲ್ಲುತ್ತದೆ. 9900 ಎಂದು ಅಚ್ಚು ಹಾಕಿದ ಸೆಲ್ಲು ಸಂತೆಯಲ್ಲಿ ಕಂಡರೆ ಕೈಗೆ ತೆಗೆದುಕೊಳ್ಳದೆ ಮುಂದೆ ನಡೆಯಿರಿ. ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಐಎಸ್ 16046 ಎಂಬ ಸಂಖ್ಯೆ ಲಿಥಿಯಂ ಸೆಲ್ಲಿನ ಮೇಲೆ ಇದೆಯೇ ಎಂದು ನೋಡುವುದು ಅವಶ್ಯ.

ಪೇಟೆಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಟಾರ್ಚುಗಳ ಪೈಕಿ ಹಲವುಗಳಲ್ಲಿ 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಟಾರ್ಚು ಭಾರವಾಗಿದ್ದರೆ ಗಟ್ಟಿಮುಟ್ಟು ಎಂದು ಭಾವಿಸಬೇಡಿ. ಅದು ಸೀಸದ ಭಾರ. ಈ ಬ್ಯಾಟರಿಯನ್ನು ಪೂರ್ತಿ ಇಳಿಸಿ ಹಾಗೆಯೇ ಇಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಕಟ್ಟಿ ಮತ್ತೆ ಚಾರ್ಜು ಹಿಡಿಯದು. ಬಳಸಿದ ದಿನವೇ ಚಾರ್ಜು ಮಾಡುವ, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುವ ಶಿಸ್ತು ಇರುವ ಮನೆಗೆ ಇದು ಅಡ್ಡಿಯಿಲ್ಲ. ಅಂಥ ಮನೆಗಳು ಕಡಿಮೆ ಎಂಬುದು ನನ್ನ ಅನುಭವ. ನನ್ನ ಮನೆಯೂ ಅಂಥದಲ್ಲ.

ಅಂಗಡಿಯಲ್ಲಿ ಸಿಗುವ 1.5 ವೋಲ್ಟಿನ ಒಣ ಸೆಲ್ಲಿಗೆ ಬೇರೆಯದೇ ಗುಣವಿದೆ. ಕರೆಂಟು ಮೂರು ದಿನ ಬಾರದಿದ್ದರೂ ಊರಿನ ಅಂಗಡಿಯಲ್ಲಿ ಸೆಲ್ಲು ಸಿಗುತ್ತದೆ. ಸಾಮಾನ್ಯ ಸತುವಿನ ಸೆಲ್ಲಿಗಿಂತ ಆಲ್ಕಲೈನ್ ಸೆಲ್ಲು ದುಬಾರಿಯಾದರೂ ಎಲ್‌ಇಡಿ ಟಾರ್ಚಿನಲ್ಲಿ ಬಹಳ ಹೆಚ್ಚು ಕಾಲ ಬಾಳುತ್ತದೆ. ಹಲವು ವರ್ಷ ಕಪಾಟಿನಲ್ಲಿದ್ದರೂ ಸತ್ವ ಉಳಿಸಿಕೊಳ್ಳುತ್ತದೆ. ಆದುದರಿಂದ ದಿನಬಳಕೆಗೆ ಸೆಲ್ಲು ಬದಲಾಯಿಸಲು ಬರುವಂಥ ಲಿಥಿಯಂ ಟಾರ್ಚು ಒಂದು, ಆಪತ್ತಿಗೆ ಒಣ ಸೆಲ್ಲಿನದು ಇನ್ನೊಂದು ಇರುವುದು ಸೂಕ್ತ. ಸೆಲ್ಲನ್ನು ಒಳಗೇ ಬೆಸೆದು ಮುಚ್ಚಿರುವ ಟಾರ್ಚು ಸೆಲ್ಲು ಸತ್ತ ದಿನ ತಾನೂ ತಿಪ್ಪೆ ಸೇರುತ್ತದೆ. ಅಂಥ ಅಗ್ಗದ ಮೂರು ಟಾರ್ಚುಗಳ ಹಣದಲ್ಲಿ ಒಂದು ಒಳ್ಳೆಯದು ಬರುತ್ತದೆ.

ಹೊರಮೈ ಮತ್ತು ಗುಂಡಿ

ಮುಚ್ಚಳದ ತಿರುಪಿನಲ್ಲಿ ರಬ್ಬರಿನ ಬಳೆ ಇರಬೇಕು. ಡಬ್ಬಿಯ ಮೇಲೆ ಐಪಿಎಕ್ಸ್ 4 ಎಂದಿದ್ದರೆ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್ 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡದು. ಭತ್ತದ ಗದ್ದೆಯವರಿಗೆ ಎರಡನೆಯದು ಬೇಕು. ಮುಂದಿನ ಮಸೂರವನ್ನು ಹಿಂದುಮುಂದು ಎಳೆಯುವ ಟಾರ್ಚುಗಳು ನೋಡಲು ಅನುಕೂಲವೆನಿಸಿದರೂ ಎಳೆಯುವ ಸಂದಿನಿಂದ ನೀರು, ದೂಳು ಒಳಹೋಗುವುದು ಸಾಮಾನ್ಯ.

ಗುಂಡಿಯನ್ನು ಕೆಸರುಗೈಯಲ್ಲಿ, ನೋಡದೆ ಒತ್ತಲು ಬರಬೇಕು. ಒಮ್ಮೆ ಒತ್ತಿದರೆ ಪ್ರಖರ, ಮತ್ತೊಮ್ಮೆ ಮಂದ, ಮತ್ತೊಮ್ಮೆ ಮಿಣುಕು, ಐದನೆಯ ಬಾರಿ ಆರುವುದು ಎಂಬ ಏರ್ಪಾಡು ರೈತನಿಗೆ ಕಿರಿಕಿರಿಯೇ ಹೊರತು ಉಪಯೋಗವಲ್ಲ. ಎರಡು ಮಟ್ಟ ಸಾಕು, ಅದರಲ್ಲಿ ಮಂದವಾದುದು ಮೊದಲು ಹತ್ತುವಂತಿದ್ದರೆ ಉತ್ತಮ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು; ಒಂದು ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಮೊಬೈಲು, ತಲೆದೀಪ

ಮೊಬೈಲಿನಲ್ಲಿ ದೀಪವಿರುವಾಗ ಬೇರೆ ಟಾರ್ಚು ಏಕೆ ಎಂದು ತರಬೇತಿಗೆ ಬರುವ ಯುವಕರು ಕೇಳುತ್ತಾರೆ. ಅಂಗಳಕ್ಕೆ ಅದು ಸಾಕು. ಹೊಲದಲ್ಲಿ ಹಾವು ಕಡಿದರೆ 108ಕ್ಕೆ ಕರೆ ಮಾಡಬೇಕಾದದ್ದು ಅದೇ ಮೊಬೈಲಿನಿಂದ. ದೀಪವಾಗಿ ಉರಿದು ಅದರ ಚಾರ್ಜು ಮುಗಿದಿದ್ದರೆ ಯಾರನ್ನು ಕೂಗುವುದು? ಅದೂ ಅಲ್ಲದೆ ಮೊಬೈಲು ಹಿಡಿದ ಕೈಯಲ್ಲಿ ಕೋಲು ಹಿಡಿಯಲಾಗದು.

ಮಡೆ ತಿರುಗಿಸುವವರಿಗೆ, ಹಾಲು ಕರೆಯುವವರಿಗೆ, ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವವರಿಗೆ ಹಣೆಗೆ ಕಟ್ಟುವ ದೀಪ ವರವೇ ಸರಿ. ಎರಡೂ ಕೈ ಬಿಡುವಾಗುತ್ತವೆ. ಆದರೆ ನಡೆಯುವಾಗ ಹಣೆಯ ದೀಪಕ್ಕೆ ಒಂದು ದೋಷವಿದೆ. ಬೆಳಕು ಕಣ್ಣಿನ ಮಟ್ಟದಿಂದಲೇ ಹೊರಡುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗಿ ನೆಲ ಚಪ್ಪಟೆಯಾಗಿ ಕಾಣುತ್ತದೆ. ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದ ಟಾರ್ಚಾದರೆ ನೆರಳು ಉದ್ದವಾಗಿ ಬಿದ್ದು ಉಬ್ಬು ತಗ್ಗು, ಸುರುಳಿ ಎಲ್ಲವೂ ಎದ್ದು ತೋರುತ್ತವೆ. ನಡೆಯುವಾಗ ಕೈಯ ಟಾರ್ಚು, ನಿಂತು ದುಡಿಯುವಾಗ ಹಣೆಯದು ಎಂಬ ಪದ್ಧತಿಯನ್ನು ನಾನು ಸೂಚಿಸುತ್ತೇನೆ. ಬೂಟು ಮತ್ತು ಕೋಲು ಎರಡಕ್ಕೂ ಬೇಕು.

ಟಾರ್ಚು ಕೀಟ ಸಮೀಕ್ಷೆಗೂ ಉಪಕರಣವೇ. ಸೈನಿಕ ಹುಳು ಹಗಲು ಮಣ್ಣಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಎಲೆ ತಿನ್ನುತ್ತದೆ. ಹಗಲು ಹೊಲ ಸುತ್ತಿ ‘ಹುಳುವೇ ಇಲ್ಲ, ಎಲೆ ಮಾತ್ರ ಮಾಯ’ ಎನ್ನುವವರು ರಾತ್ರಿ ಒಮ್ಮೆ ನೋಡಲಿ. ಗೊಣ್ಣೆ ಹುಳುವಿನ ದುಂಬಿಗಳು ಮುಂಗಾರಿನ ಮೊದಲ ಮಳೆಗಳ ಬಳಿಕ ಸಂಜೆ ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಊರಿನವರೆಲ್ಲ ಸೇರಿ ಟಾರ್ಚು ಹಿಡಿದು ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದಿನ ಸಂತತಿ ಅಷ್ಟರಮಟ್ಟಿಗೆ ತಗ್ಗುತ್ತದೆ. ಶಂಖದ ಹುಳುಗಳನ್ನು ಆರಿಸಲೂ ರಾತ್ರಿಯೇ ಸರಿಯಾದ ಹೊತ್ತು.

ಜೋಪಾನ

ಹಳೆಯ ಸೆಲ್ಲಿನೊಂದಿಗೆ ಹೊಸದನ್ನು ಸೇರಿಸಬಾರದು. ತಿಂಗಳುಗಟ್ಟಲೆ ಬಳಸದ ಟಾರ್ಚಿನಿಂದ ಒಣ ಸೆಲ್ಲುಗಳನ್ನು ತೆಗೆದಿಡಬೇಕು. ಇಲ್ಲವಾದರೆ ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಹಿಡಿದ ತುಕ್ಕನ್ನು ಉಪ್ಪು ಕಾಗದದಿಂದ ತಿಕ್ಕಿದರೆ ಕೆಟ್ಟಿತೆಂದು ಬಿಸಾಡಿದ ಟಾರ್ಚು ಹಲವು ಸಲ ಮತ್ತೆ ಹತ್ತುತ್ತದೆ. ಲಿಥಿಯಂ ಟಾರ್ಚನ್ನು ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಬಿಡಬಾರದು, ಹಾಸಿಗೆಯ ಮೇಲೆ ಚಾರ್ಜಿಗೆ ಇಡಬಾರದು. ಉಬ್ಬಿದ ಸೆಲ್ಲನ್ನು ಮತ್ತೆ ಚಾರ್ಜು ಮಾಡಕೂಡದು, ಬೆಂಕಿಗೂ ಹಾಕಕೂಡದು.

ಎಷ್ಟು ಜಾಗರೂಕತೆಯಿದ್ದರೂ ಹಾವು ಕಡಿದರೆ ಗಾಯವನ್ನು ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಕಡಿತವಾದ ಅಂಗವನ್ನು ಅಲುಗಿಸದೆ, ತಡಮಾಡದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.

ಹೊಸ ಟಾರ್ಚು ತಂದ ದಿನ ಪೂರ್ತಿ ಚಾರ್ಜು ಮಾಡಿ, ಸಂಜೆ 7ಕ್ಕೆ ಹತ್ತಿಸಿ ಬಿಳಿಗೋಡೆಗೆ ಮುಖಮಾಡಿ ಇಡಿ. ಗಂಟೆಗೊಮ್ಮೆ ಆ ಗೋಡೆಯ ಬೆಳಕಿನಲ್ಲಿ ಪತ್ರಿಕೆ ಓದಲು ಬರುತ್ತದೆಯೇ ನೋಡಿ. ಓದಲಾಗದ ಹೊತ್ತನ್ನು ಟಾರ್ಚಿನ ಮೈಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ; ನಿಮ್ಮ ಪಾಳಿಯ ಕರೆಂಟಿಗೆ ಅಷ್ಟು ಹೊತ್ತು ಸಾಲದಿದ್ದರೆ ಎರಡನೆಯ ಸೆಲ್ಲನ್ನು ಜೇಬಿನಲ್ಲಿ ಒಯ್ಯಬೇಕು. ಆಪತ್ತಿನ ಟಾರ್ಚನ್ನು ಮಲಗುವ ಜಾಗದ ಪಕ್ಕದಲ್ಲಿ, ಏಳದೆ ಕೈಗೆ ಎಟುಕುವಂತೆ ಮೊಳೆಗೆ ತೂಗುಹಾಕಿ. ಕಟ್ಟುಹಾವು ಮನೆಯೊಳಗೆ ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಡಿಯುವುದರಿಂದ, ನಡುರಾತ್ರಿ ಎದ್ದಾಗ ಕಾಲು ನೆಲಕ್ಕಿಡುವ ಮೊದಲು ಅದನ್ನು ಹತ್ತಿಸಬೇಕು.