ದೃಷ್ಟಿಯ ಅಳತೆ, ಬಾಳಿನ ಅಳತೆ

ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಫಲಕ ಎಲ್ಲರಿಗೂ ಪರಿಚಿತವಾದುದು. ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ ಅವರು 1862ರಲ್ಲಿ ಇದನ್ನು ರೂಪಿಸಿದರು. ಆರು ಮೀಟರು ದೂರದಿಂದ ಅತಿ ದೊಡ್ಡ ಅಕ್ಷರವನ್ನಷ್ಟೇ ಗುರುತಿಸಬಲ್ಲವನ ದೃಷ್ಟಿ 6/60. ಸಹಜ ದೃಷ್ಟಿ 6/6.

ಆದರೆ ಫಲಕವು ಹೇಳುವುದು ಕಣ್ಣಿನ ಶಕ್ತಿಯನ್ನು ಮಾತ್ರ. ಗ್ಲಾಕೋಮಾ ರೋಗದಲ್ಲಿ ನಡುನೋಟವು ಬಹುಕಾಲ ಉಳಿದು, ಪಕ್ಕದ ನೋಟ ಮೊದಲು ಕುಗ್ಗುತ್ತದೆ. ಅಂಥ ರೋಗಿ ಫಲಕದ ಕೊನೆಯ ಸಾಲನ್ನೂ ಓದಿಯಾನು. ದಾವಣಗೆರೆಯ ಮಂಡಿಪೇಟೆಯ ಸಂದಣಿಯಲ್ಲಿ ಪಕ್ಕದವರಿಗೆ ಢಿಕ್ಕಿ ಹೊಡೆದಾನು. ಪೊರೆ ಬೆಳೆಯುತ್ತಿರುವ ತಾಯಿಯೊಬ್ಬಳು ಹಗಲಿನಲ್ಲಿ ಅಕ್ಕಿಯ ಕಲ್ಲು ಆರಿಸಿಯಾಳು. ಸಂಜೆ ಹರಿಹರದ ರಸ್ತೆಯಲ್ಲಿ ವಾಹನದ ದೀಪಕ್ಕೆ ಕಣ್ಣು ಕೋರೈಸಿ ನಿಂತಲ್ಲಿಯೇ ನಿಂತಾಳು. 2017ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಅಂಧತ್ವದ ಮಿತಿಯನ್ನು 6/60ರಿಂದ 3/60ಕ್ಕೆ ಇಳಿಸಿತು. 4/60 ದೃಷ್ಟಿಯವನು ಲೆಕ್ಕದಲ್ಲಿ ಅಂಧನಲ್ಲದವನಾದನು. ಅವನ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ.

ಈ ಕೊರತೆಯನ್ನು ತುಂಬಲು ಪ್ರಶ್ನಾವಳಿಗಳು ಹುಟ್ಟಿದವು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ 25 ಪ್ರಶ್ನೆಗಳ ಪಟ್ಟಿ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾರು ನಡೆಸುವ ಬಗೆಗೂ ಪ್ರಶ್ನೆಗಳುಂಟು. ಆಯುಷ್ಯವೆಲ್ಲ ಬಸ್ಸಿನಲ್ಲಿಯೇ ಓಡಾಡಿದ ರೈತನಿಗೆ ಅವುಗಳಿಂದ ಪ್ರಯೋಜನವೇನು? ಭಾರತದ ವೈದ್ಯರು ಇಲ್ಲಿಯ ಬದುಕನ್ನು ಆಧರಿಸಿ 33 ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿದರು. ಅದರಲ್ಲಿ 21 ಪ್ರಶ್ನೆಗಳು ನಿತ್ಯದ ಕೆಲಸಗಳಿಗೆ, 5 ಮನಸ್ಸಿಗೂ ಸಾಮಾಜಿಕ ಜೀವನಕ್ಕೂ, 7 ನೋಟದ ತೊಂದರೆಗಳಿಗೆ ಸಂಬಂಧಿಸಿದವು.

ಮುಂದಿನ ಹೆಜ್ಜೆ ಟ್ಯಾಬ್ಲೆಟ್ಟಿನದು. ಹೆಸರು ಕೇಳಿದೊಡನೆ ಹಿರಿಯರಿಗೆ ಗುಳಿಗೆಯ ನೆನಪಾದೀತು. ಇದು ಸ್ಲೇಟಿನಾಕಾರದ ಗಣಕಯಂತ್ರ. ಇದರ ತಂತ್ರಾಂಶದಲ್ಲಿ ಪ್ರಶ್ನೆಗಳ ಭಂಡಾರವೇ ಇರಬಲ್ಲದು. ಪ್ರತಿ ಪ್ರಶ್ನೆಯ ಕಾಠಿಣ್ಯವನ್ನು ಮೊದಲೇ ಅಳೆದಿಡುತ್ತಾರೆ; ಇದರ ಗಣಿತಕ್ಕೆ ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ 1960ರಲ್ಲಿ ಪ್ರಕಟಿಸಿದ ಗ್ರಂಥವು ಆಧಾರ. ಹಗಲಿನಲ್ಲಿಯೇ ಮುಖ ಗುರುತಿಸಲಾಗದವನಿಗೆ ಸೂಜಿಗೆ ದಾರ ಪೋಣಿಸುವ ಪ್ರಶ್ನೆ ಬೇಕಿಲ್ಲ. ಯಂತ್ರವು ಅದನ್ನು ಬಿಟ್ಟು, ಅವನಿಗೆ ತಕ್ಕುದನ್ನು ಆರಿಸಿಕೊಳ್ಳುತ್ತದೆ. ಉತ್ತರಗಳು ಸಾಕಷ್ಟು ಖಚಿತವಾದೊಡನೆ ನಿಲ್ಲಿಸುತ್ತದೆ. ಹೀಗೆ ಕೆಲವೇ ಪ್ರಶ್ನೆಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಓದುಬಾರದವರಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಧ್ವನಿಯ ಮೂಲಕ ಕೇಳಿಸಬಹುದು. ಮಂದದೃಷ್ಟಿಯವರಿಗೆ ಅಕ್ಷರವನ್ನು ಹಿಗ್ಗಿಸಬಹುದು.

ಯಂತ್ರಕ್ಕೆ ನಿಲುಕದ ಸಂಗತಿಗಳೂ ಉಂಟು. ರೋಗಿಯ ಬದಲು ಜೊತೆಗೆ ಬಂದ ಮಗನೇ ಉತ್ತರಿಸಿಬಿಡುತ್ತಾನೆ. ಮನೆಯವರ ಎದುರಿನಲ್ಲಿ ಅತ್ತೆಯಾದವಳು 'ನನಗೇನೂ ತೊಂದರೆಯಿಲ್ಲ' ಎನ್ನುತ್ತಾಳೆ. ವಾಸ್ತವದಲ್ಲಿ ಒಲೆಯ ಬಳಿ ಹೋಗುವುದನ್ನೇ ಬಿಟ್ಟಿರುತ್ತಾಳೆ. ಪ್ರಶ್ನೆಯ ಭಾಷೆ ಗ್ರಾಂಥಿಕವಾದರೆ ಉತ್ತರವೂ ಹುಸಿಯಾಗುತ್ತದೆ. 'ಮಬ್ಬುಗತ್ತಲಲ್ಲಿ ಚಲಿಸಲು ನಿಮಗೆ ಅಡಚಣೆಯುಂಟೆ?' ಎಂಬುದಕ್ಕಿಂತ 'ಸಂಜಿ ಆದ ಮ್ಯಾಲೆ ಒಬ್ಬರೇ ಓಣಿಗೆ ಹೋಗಿ ಬರ್ತೀರೇನು?' ಎಂಬುದು ಇಲ್ಲಿಯವರಿಗೆ ನೇರವಾಗಿ ಮುಟ್ಟುತ್ತದೆ.

ಡಾ. ಎಂ. ಸಿ. ಮೋದಿಯವರು ಸಾಮೂಹಿಕ ನೇತ್ರಶಿಬಿರಗಳನ್ನು ನಡೆಸಿದ ನಾಡಿದು. ಇಂದಿಗೂ ದಾನಿಗಳ ನೆರವಿನಿಂದ ಶಿಬಿರಗಳು ನಡೆಯುತ್ತಿವೆ. ವರದಿಗಳಲ್ಲಿ ಎದ್ದುಕಾಣುವುದು ಶಸ್ತ್ರಚಿಕಿತ್ಸೆಗಳ ಸಂಖ್ಯೆ. ಆ ಸಂಖ್ಯೆ ಮುಖ್ಯವೇ ಹೌದು. ಆದರೆ ಪೊರೆ ತೆಗೆಸಿಕೊಂಡವರು ಮರಳಿ ಹೊಲಕ್ಕೆ ಹೋದರೆ, ಬಸ್ಸಿನ ಹಲಗೆ ಓದಿದರೆ ಎಂಬುದು ಅದರಿಂದ ತಿಳಿಯದು. ಶಸ್ತ್ರಚಿಕಿತ್ಸೆಗೆ ಮುನ್ನ ಒಮ್ಮೆ, ಕಣ್ಣು ಮಾಗಿ ಕನ್ನಡಕ ಕೈಸೇರಿದ ಮೇಲೆ ಇನ್ನೊಮ್ಮೆ, ಅದೇ ಪ್ರಶ್ನಾವಳಿಯಿಂದ ಅಳೆದರೆ ವ್ಯತ್ಯಾಸ ಕಾಣುತ್ತದೆ. ಅದಕ್ಕೆ ಬೇಕಾದುದು ಒಂದು ಟ್ಯಾಬ್ಲೆಟ್, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂಡಿಸಲು ಒಂದು ಪಡಸಾಲೆ.