ವಿಮರ್ಶಕರ ತೀರ್ಪು ಮತ್ತು ಗಲ್ಲಾಪೆಟ್ಟಿಗೆಯ ಲೆಕ್ಕ

ಚಳ್ಳಕೆರೆಯ ಎಣ್ಣೆಗಿರಣಿಗೆ ಶೇಂಗಾ ಬಂದಾಗ ಖರೀದಿದಾರನು ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಸುಲಿದು, ಕಾಳಿನ ತುಂಬುವಿಕೆಯನ್ನೂ ತೇವವನ್ನೂ ನೋಡಿದ ನಂತರವೇ ಬೆಲೆ ಹೇಳುತ್ತಾನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವರ್ತಕನು ಸೆರಗು ಬಿಚ್ಚಿ ನೋಡದೆ ಮುಂಗಡ ಕೊಡುವುದಿಲ್ಲ. ಆದರೆ ಚಲನಚಿತ್ರ ಪ್ರದರ್ಶನದ ವ್ಯವಹಾರದಲ್ಲಿ ಈ ಅನುಕೂಲವಿಲ್ಲ. ಚಿತ್ರಮಂದಿರದ ಮಾಲೀಕನು ಬಹುತೇಕ ಸಂದರ್ಭಗಳಲ್ಲಿ ಸರಕನ್ನು ನೋಡುವ ಮೊದಲೇ ಹಣ ತೊಡಗಿಸಬೇಕಾಗುತ್ತದೆ. ನಾಯಕನಟನ ಹೆಸರು ಮತ್ತು ನಿರ್ಮಾಣ ಸಂಸ್ಥೆಯ ಖ್ಯಾತಿಯನ್ನು ಬಿಟ್ಟರೆ ಆತನಿಗೆ ದೊರೆಯುವ ಮೂರನೆಯ ಆಧಾರವೆಂದರೆ ವಿಮರ್ಶಕರ ತೀರ್ಪು. ಈ ತೀರ್ಪನ್ನು ವ್ಯಾಪಾರದ ದೃಷ್ಟಿಯಿಂದ ಎಷ್ಟರಮಟ್ಟಿಗೆ ನಂಬಬಹುದು ಎಂಬುದು ವಿಚಾರಾರ್ಹ ಪ್ರಶ್ನೆಯಾಗಿದೆ.

ತಳುಕಿನ ಕಾದಂಬರಿಕಾರ, ಭಿನ್ನ ತೀರ್ಪುಗಳು

ಈ ಪ್ರಶ್ನೆಗೆ ಉತ್ತಮ ನಿದರ್ಶನವು ಚಳ್ಳಕೆರೆ ತಾಲ್ಲೂಕಿನಲ್ಲಿಯೇ ದೊರೆಯುತ್ತದೆ. ಕಾದಂಬರಿಕಾರ ತ.ರಾ. ಸುಬ್ಬರಾಯರ ಹೆಸರಿನಲ್ಲಿರುವ ‘ತ’ ಅಕ್ಷರವು ಇದೇ ತಾಲ್ಲೂಕಿನ ತಳುಕು ಗ್ರಾಮವನ್ನು ಸೂಚಿಸುತ್ತದೆ. ಅವರ ಕೃತಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ 1972ರ ಡಿಸೆಂಬರ್‌ನಲ್ಲಿ ತೆರೆಕಂಡಿತು. ಚಿತ್ರದುರ್ಗದ ಕೋಟೆಯನ್ನು ಮನೆಮಾತಾಗಿಸಿ, ವಿಷ್ಣುವರ್ಧನ್ ಅವರನ್ನು ನಾಯಕನಟರನ್ನಾಗಿ ಪ್ರತಿಷ್ಠಾಪಿಸಿದ ಈ ಚಿತ್ರವು ಭಾರಿ ಯಶಸ್ಸು ಗಳಿಸಿತು. ಆದರೆ ಮೂಲ ಲೇಖಕರಿಗೆ ಚಿತ್ರವು ತೃಪ್ತಿ ನೀಡಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಲಾಗಿದೆ ಎಂದು ಅವರು ಆಕ್ಷೇಪಿಸಿದರೆಂಬುದು ಇಂದಿಗೂ ಪ್ರಸಿದ್ಧವಾದ ಮಾತು. ಕಥೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲ ವಿಮರ್ಶಕರು ಇರಲಾರರು. ಆದರೂ ಅವರ ತೀರ್ಪು ಟಿಕೆಟ್ ಮಾರಾಟದ ಮೇಲೆ ಪರಿಣಾಮ ಬೀರಲಿಲ್ಲ. 2018ರಲ್ಲಿ ಹೊಸ ತಂತ್ರಜ್ಞಾನದೊಡನೆ ಚಿತ್ರವನ್ನು ಮರುಬಿಡುಗಡೆ ಮಾಡುವಷ್ಟು ಬೇಡಿಕೆ ಉಳಿದಿತ್ತು.

ಇದೇ ಕಥೆಯನ್ನು ಇದೇ ನಿರ್ದೇಶಕರು 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ಹಿಂದಿಗೆ ತಂದಾಗ ಚಿತ್ರವು ಸೋಲು ಕಂಡಿತು. ಸರಕು ಒಂದೇ ಆದರೂ ಮಾರುಕಟ್ಟೆ ಬದಲಾದೊಡನೆ ತೀರ್ಪು ಬದಲಾಯಿತು. ತ.ರಾ.ಸು. ಅವರದೇ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ನಿರ್ದೇಶಿಸಿದ ‘ಹಂಸಗೀತೆ’ (1975) ಮತ್ತೊಂದು ವರ್ಗಕ್ಕೆ ಸೇರಿದ್ದು. ಅದು ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಎಂ. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಒಬ್ಬನೇ ಲೇಖಕನ ಕೃತಿಗಳಿಂದ ಹೊರಟ ಈ ಚಿತ್ರಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು. ವಿಮರ್ಶಕನು ಉತ್ತರಿಸುವ ಪ್ರಶ್ನೆ ‘ಚಿತ್ರವು ಹೇಗಿದೆ?’ ಎಂಬುದು. ಪ್ರದರ್ಶಕನಿಗೆ ಉತ್ತರ ಬೇಕಾಗಿರುವುದು ‘ಇಲ್ಲಿಯ ಜನ ಯಾವ ದಿನ ಎಷ್ಟು ಸಂಖ್ಯೆಯಲ್ಲಿ ಬರುವರು?’ ಎಂಬ ಪ್ರಶ್ನೆಗೆ.

ನಷ್ಟ ಯಾರ ಪಾಲಿಗೆ?

ಪ್ರದರ್ಶನದ ಒಪ್ಪಂದಗಳು ಮುಖ್ಯವಾಗಿ ಮೂರು ಬಗೆ. ಬಾಡಿಗೆ ಪದ್ಧತಿಯಲ್ಲಿ ವಿತರಕನು ಚಿತ್ರಮಂದಿರಕ್ಕೆ ವಾರಕ್ಕಿಷ್ಟು ಎಂದು ಬಾಡಿಗೆ ತೆರುತ್ತಾನೆ, ನಷ್ಟ ವಿತರಕನದು. ಶೇಕಡಾವಾರು ಪದ್ಧತಿಯಲ್ಲಿ ಗಳಿಕೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಮಿನಿಮಂ ಗ್ಯಾರಂಟಿ ಪದ್ಧತಿಯಲ್ಲಿ ಪ್ರದರ್ಶಕನು ನಿಗದಿತ ಮೊತ್ತವನ್ನು ಮೊದಲೇ ಕೊಡುತ್ತಾನೆ. ಜನ ಬಾರದಿದ್ದರೆ ನಷ್ಟ ಪೂರ್ಣವಾಗಿ ಆತನದು.

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. 400 ಆಸನಗಳ ಮಂದಿರದಲ್ಲಿ ದಿನಕ್ಕೆ 4 ಪ್ರದರ್ಶನಗಳಂತೆ ವಾರಕ್ಕೆ 11,200 ಆಸನಗಳು. ಟಿಕೆಟ್ ದರ ತೆರಿಗೆ ಸೇರಿ 100 ರೂ. ಎಂದಿರಲಿ. 100 ರೂ.ವರೆಗಿನ ಟಿಕೆಟ್ಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. ಶೇ. 40ರಷ್ಟು ಆಸನಗಳು ತುಂಬಿದರೆ ತೆರಿಗೆ ಕಳೆದು ಸುಮಾರು 4,26,600 ರೂ. ಉಳಿಯುತ್ತದೆ. ಗ್ಯಾರಂಟಿ ಮೊತ್ತ 3 ಲಕ್ಷ ಹಾಗೂ ವಾರದ ಖರ್ಚು 1 ಲಕ್ಷ ಎಂದಾದರೆ ಲಾಭ ಸುಮಾರು 26,600 ರೂ. ಭರ್ತಿಯು ಶೇ. 30ಕ್ಕೆ ಇಳಿದರೆ ತೆರಿಗೆ ಕಳೆದ ಗಳಿಕೆ 3,20,000 ರೂ.; ನಷ್ಟ 80,000 ರೂ. ಇದೇ ಶೇ. 30ರ ಭರ್ತಿಯಲ್ಲಿ ಸಮಪಾಲಿನ ಶೇಕಡಾವಾರು ಒಪ್ಪಂದವಿದ್ದಿದ್ದರೆ ಪ್ರದರ್ಶಕನಿಗೆ 60,000 ರೂ. ಉಳಿಯುತ್ತಿತ್ತು. ಹತ್ತು ಆಸನಗಳಲ್ಲಿ ಒಂದು ಖಾಲಿಯಾದರೆ ಲಾಭವು ನಷ್ಟವಾಗುವ ಈ ವ್ಯವಹಾರದಲ್ಲಿ, ವಿಮರ್ಶೆಯನ್ನು ಸರಿಯಾಗಿ ಓದುವುದು ಕೇವಲ ಅಭಿರುಚಿಯ ವಿಷಯವಲ್ಲ.

ವರ್ಗಕ್ಕೆ ತಕ್ಕ ಓದು

ತಾರಾನಟರ ಸಾಹಸ ಚಿತ್ರಗಳಲ್ಲಿ ಮೊದಲ ಮೂರು ದಿನಗಳ ಗಳಿಕೆಯು ವಿಮರ್ಶೆಯನ್ನು ಕಾಯುವುದಿಲ್ಲ. ‘ಕೆ.ಜಿ.ಎಫ್.’ ಮೊದಲ ಭಾಗ (2018) ಬಂದಾಗ ವಿಮರ್ಶಕರ ಅಭಿಪ್ರಾಯಗಳು ಮಿಶ್ರವಾಗಿದ್ದವು. ಗಳಿಕೆ ದಾಖಲೆ ಬರೆಯಿತು. ಎರಡನೆಯ ಭಾಗವು (2022) ಮುಂದೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆದುದು ಗಮನಾರ್ಹ. ಈ ವರ್ಗದಲ್ಲಿ ವಿಮರ್ಶೆಯ ಪ್ರಭಾವ ಕಾಣಿಸುವುದು ಸೋಮವಾರದಿಂದ. ಆದ್ದರಿಂದ ಸೋಮವಾರದ ಮ್ಯಾಟಿನಿ ಪ್ರದರ್ಶನದ ಸಂಖ್ಯೆಯನ್ನು ನೋಡದೆ ಎರಡನೆಯ ವಾರಕ್ಕೆ ಗ್ಯಾರಂಟಿ ಒಪ್ಪಿಕೊಳ್ಳುವುದು ಸಮಂಜಸವಲ್ಲ.

ಹೊಸಬರ ರಹಸ್ಯಮಯ ಚಿತ್ರಗಳ ಸ್ಥಿತಿ ಇದಕ್ಕೆ ವಿರುದ್ಧ. 2015ರ ಜುಲೈ 3ರಂದು ತೆರೆಕಂಡ ‘ರಂಗಿತರಂಗ’ದ ಬೆನ್ನಿಗೆ ಒಂದೇ ವಾರದಲ್ಲಿ ‘ಬಾಹುಬಲಿ’ ಬಂದಿತು. ಒಳ್ಳೆಯ ವಿಮರ್ಶೆ ಮತ್ತು ಬಾಯಿಮಾತಿನ ಬಲದಿಂದಲೇ ಕನ್ನಡದ ಚಿತ್ರವು ಆ ಪೈಪೋಟಿಯನ್ನು ಎದುರಿಸಿ ನಿಂತಿತು. ಇಂಥ ಚಿತ್ರಗಳಿಗೆ ವಿಮರ್ಶೆಯೇ ಬಂಡವಾಳ. ಆದರೆ ಅದು ಫಲ ಕೊಡಲು ಸಮಯ ಬೇಕು. ಶುಕ್ರವಾರ ಖಾಲಿಯಿದ್ದ ಮಂದಿರ ಮುಂದಿನ ಗುರುವಾರ ತುಂಬಬಹುದು. ಇವಕ್ಕೆ ಶೇಕಡಾವಾರು ಒಪ್ಪಂದವೇ ಯುಕ್ತ.

ಹಾಸ್ಯ ಚಿತ್ರಗಳಲ್ಲಿ ಪ್ರಾದೇಶಿಕ ನುಡಿ ಮುಖ್ಯ ಅಂಶವಾದರೂ ಅದನ್ನೇ ಅಡ್ಡಿಯೆಂದು ಭಾವಿಸಲಾಗದು. ಕರಾವಳಿಯ ನುಡಿಯಲ್ಲಿರುವ ‘ಸು ಫ್ರಮ್ ಸೋ’ (2025) ಬಯಲುಸೀಮೆಯಲ್ಲಿಯೂ ಜನರನ್ನು ಸೆಳೆಯಿತು. ನೋಡಿದವರ ಮಾತೇ ಅದರ ಜಾಹೀರಾತಾಯಿತು. ಕೌಟುಂಬಿಕ ಮತ್ತು ಭಕ್ತಿಪ್ರಧಾನ ಚಿತ್ರಗಳಲ್ಲಿ ‘ಹಳೆಯ ಕಥೆ’ ಎಂಬ ವಿಮರ್ಶಕರ ಟೀಕೆಯು ಪ್ರದರ್ಶಕನಿಗೆ ದೋಷವಾಗಬೇಕಿಲ್ಲ; ಮನೆಮಂದಿ ಕುಳಿತು ನೋಡಬಹುದೇ ಎಂಬುದೇ ಅಲ್ಲಿ ನಿರ್ಣಾಯಕ. ‘ತಿಥಿ’ಯಂತಹ (2016) ಪ್ರಶಸ್ತಿ ಚಿತ್ರಗಳಿಗೆ ವಾರಪೂರ್ತಿ ಮಂದಿರ ಬಿಟ್ಟುಕೊಡುವುದಕ್ಕಿಂತ ಒಂದು ನಿಗದಿತ ಪ್ರದರ್ಶನವನ್ನು ಮೀಸಲಿಟ್ಟು, ಕಾಲೇಜು ಹಾಗೂ ಸಾಹಿತ್ಯ ಸಂಘಗಳನ್ನು ಆಹ್ವಾನಿಸುವುದು ಸುರಕ್ಷಿತ. ‘ಕಾಂತಾರ’ದಂತೆ (2022) ವಿಮರ್ಶಕರೂ ಪ್ರೇಕ್ಷಕರೂ ಒಂದೇ ಸ್ವರದಲ್ಲಿ ಮೆಚ್ಚುವ ಚಿತ್ರಗಳು ವಿರಳ.

ಗಡಿ ತಾಲ್ಲೂಕುಗಳ ವಿಶೇಷ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದ್ದು, ಇಲ್ಲಿಯ ಅನೇಕ ಮನೆಗಳಲ್ಲಿ ತೆಲುಗು ಬಳಕೆಯಲ್ಲಿದೆ. ತೆಲುಗು ಚಿತ್ರಗಳ ವಿಷಯದಲ್ಲಿ ಬೆಂಗಳೂರಿನ ವಿಮರ್ಶೆಗಿಂತ ಹೈದರಾಬಾದಿನ ವಿಮರ್ಶೆ ಹಾಗೂ ಗಡಿಯಾಚೆಯ ರಾಯದುರ್ಗದ ಬಂಧುಗಳ ಮಾತು ಮೊದಲು ತಲುಪುತ್ತದೆ. ಅಮೆರಿಕದ ಮುಂಗಡ ಪ್ರದರ್ಶನಗಳ ಅಭಿಪ್ರಾಯಗಳು ಇಲ್ಲಿಯ ಮೊದಲ ಆಟಕ್ಕೆ ಮುಂಚೆಯೇ ಮೊಬೈಲ್ ಫೋನುಗಳಲ್ಲಿ ಹರಿದಾಡುತ್ತವೆ. ಇದಲ್ಲದೆ, ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದಾದ ಇಲ್ಲಿ, ಮುಂಗಾರಿನ ಶೇಂಗಾ ಕೈಸೇರುವ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಜನರ ಕೈಯಲ್ಲಿ ಹಣವಿರುತ್ತದೆ. ಬರದ ವರ್ಷದಲ್ಲಿ ಐದು ನಕ್ಷತ್ರಗಳ ಚಿತ್ರವೂ ಮಂದಿರವನ್ನು ತುಂಬಲಾರದು.

ನಕ್ಷತ್ರಗಳಲ್ಲ, ಕಾರಣಗಳು

ಮೂರು ನಕ್ಷತ್ರ ಅಥವಾ ಎರಡೂವರೆ ನಕ್ಷತ್ರ ಎಂಬ ಅಂಕವು ಪ್ರದರ್ಶಕನಿಗೆ ಹೆಚ್ಚಿನದೇನನ್ನೂ ತಿಳಿಸದು. ವಿಮರ್ಶಕನು ಕೊಟ್ಟ ಕಾರಣಗಳನ್ನು ಗಮನಿಸಬೇಕು. ‘ಸಾವಧಾನದ ನಿರೂಪಣೆ’, ‘ಹಾಡುಗಳಿಲ್ಲ’, ‘ರಕ್ತಪಾತ ಹೆಚ್ಚು’, ‘ದ್ವಿತೀಯಾರ್ಧ ಬಿಗಿಯಾಗಿದೆ’ ಎಂಬ ಮಾತುಗಳನ್ನು ತನ್ನ ಊರಿನ ಪ್ರೇಕ್ಷಕರೊಡನೆ ಹೋಲಿಸಿ ನೋಡಬೇಕು. ಹೆಸರಿಲ್ಲದ ಖಾತೆಗಳಿಂದ ಬಿಡುಗಡೆಯ ದಿನವೇ ಬರುವ ಹೊಗಳಿಕೆ ಮತ್ತು ತೆಗಳಿಕೆಗಳೆರಡನ್ನೂ ಬದಿಗಿಟ್ಟು, ಹಲವು ವರ್ಷಗಳಿಂದ ಬರೆಯುತ್ತಿರುವ ಇಬ್ಬರು ಮೂವರು ವಿಮರ್ಶಕರನ್ನು ಆರಿಸಿಕೊಳ್ಳಬೇಕು. ಅವರು ಹೇಳಿದ್ದು ಮತ್ತು ತನ್ನ ಮಂದಿರದ ದೈನಿಕ ಗಳಿಕೆ ಇವೆರಡನ್ನೂ ಒಂದೇ ಪುಸ್ತಕದಲ್ಲಿ ವರ್ಗವಾರು ಬರೆದಿಟ್ಟರೆ, ಯಾವ ವರ್ಗದಲ್ಲಿ ಯಾರ ಮಾತು ಈ ಊರಿಗೆ ಸಲ್ಲುತ್ತದೆ ಎಂಬುದು ಒಂದೆರಡು ವರ್ಷಗಳಲ್ಲಿ ತಾನಾಗಿ ಸ್ಪಷ್ಟವಾಗುತ್ತದೆ.

ಚಿತ್ರಮಂದಿರ ತುಂಬಿದ ವಾರ ಅದರ ಸುತ್ತಲಿನ ಹೋಟೆಲು, ಬೇಕರಿ ಮತ್ತು ಆಟೋ ಚಾಲಕರಿಗೂ ವ್ಯಾಪಾರ ಹೆಚ್ಚುತ್ತದೆ. ಮುಚ್ಚಿದರೆ ಆ ಬೀದಿಯೇ ಸೊರಗುತ್ತದೆ. ತ.ರಾ.ಸು. ಅವರ ಆಕ್ಷೇಪದಲ್ಲಿ ಸಾಹಿತ್ಯದ ಸತ್ಯವಿತ್ತು, ಪ್ರೇಕ್ಷಕರ ಮೆಚ್ಚುಗೆಯಲ್ಲಿ ಮಾರುಕಟ್ಟೆಯ ಸತ್ಯವಿತ್ತು. ಎರಡನ್ನೂ ಗೌರವಿಸಿ, ಹಣ ಕೊಡುವಾಗ ಮಾತ್ರ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುವ ಪ್ರದರ್ಶಕನು ದೀರ್ಘಕಾಲ ವ್ಯವಹಾರದಲ್ಲಿ ಉಳಿಯಬಲ್ಲನು.